ಪೋರ್ಟ್ ಏನ್ ಹೇಳ್ತಿದೆ, ಮೊದ್ಲು ಅದನ್ನ ಕೇಳಿ: ಸೀರಿಯಲ್ ಮತ್ತು ಮೋಡೆಮ್ ಪ್ರಶ್ನೋತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಸೀರಿಯಲ್ ಪೋರ್ಟಿನದೇ (ಒಂದೊಂದೇ ಬಿಟ್ ಸಾಲಾಗಿ ಕಳಿಸೋ ಪೋರ್ಟು) ದೊಡ್ಡ ಪಾಲು. ಮೋಡೆಮ್, ಮಲ್ಟಿಪೋರ್ಟ್ ಕಾರ್ಡು, ಯುಎಸ್‌ಬಿ ಕನ್ವರ್ಟರ್ ಇವನ್ನೆಲ್ಲ ಯುನಿಕ್ಸು ಲಿನಕ್ಸು ಮಷೀನಿಗೆ ಹಾಕಿ ಒದ್ದಾಡ್ತಿರೋರು ಬರೆದಿದಾರೆ, ಹಾಗಾಗಿ ಈ ಸಂಚಿಕೆ ಪೂರ್ತಿ ಅದಕ್ಕೇ ಇಟ್ಟಿದೀನಿ. ಓದ್ತಾ ಹೋದ ಹಾಗೆ ಒಂದು ವಿಷಯ ಎದ್ದು ಕಾಣ್ತು, ಹೆಚ್ಚಿನವರು ಮೊದ್ಲು ಮಾಡಿರೋ ಕೆಲಸ ಡ್ರೈವರ್ ಕಿತ್ತು ಮತ್ತೆ ಹಾಕಿರೋದು. ಆದ್ರೆ ಈ ಕಂತೆಯಲ್ಲಿ ಡ್ರೈವರ್ ನಿಜವಾಗ್ಲೂ ಇಲ್ಲದೇ ಇರೋ ಕೇಸು ಒಂದೇ ಒಂದು. ಉಳಿದ ಕಡೆ ಡ್ರೈವರ್ ತನ್ನ ಪಾಡಿಗೆ ಸರಿಯಾಗೇ ಕೆಲಸ ಮಾಡ್ತಿದೆ, ನಾವು ಕೊಟ್ಟ ಸೆಟ್ಟಿಂಗಿಗೂ ವೈರಲ್ಲಿ ನಡೀತಿರೋದಕ್ಕೂ ತಾಳೆ ಆಗ್ತಿಲ್ಲ ಅಷ್ಟೇ.

ಪ್ರಶ್ನೆ: ಸರ್, ಎಕ್ಸ್‌ಟರ್ನಲ್ ಮೋಡೆಮ್ ಒಂದನ್ನ ಮೊದಲನೇ ಸೀರಿಯಲ್ ಪೋರ್ಟಿಗೆ ಹಾಕಿದೀನಿ. ಎಕೋ ಕಮಾಂಡಲ್ಲಿ ಎಟಿ (ಮೋಡೆಮ್ ಕಮಾಂಡುಗಳು ಶುರುವಾಗೋದು ಇದರಿಂದ) ಅಂತ ಬರೆದು ಟಿಟಿವೈಎಸ್0 (ಲಿನಕ್ಸಲ್ಲಿ ಆ ಪೋರ್ಟಿನ ಹೆಸರು) ಗೆ ಕಳಿಸಿದ್ರೆ ಪ್ರಾಂಪ್ಟೇ ವಾಪಸ್ ಬರಲ್ಲ, ಹಾಗೇ ನಿಂತುಬಿಡುತ್ತೆ. ಎರರ್ ಕೂಡ ಇಲ್ಲ. ಡ್ರೈವರ್ ಹ್ಯಾಂಗ್ ಆಗಿದೆಯಾ?

ಉತ್ತರ: ಹ್ಯಾಂಗ್ ಆಗಿಲ್ಲ, ಕಾಯ್ತಾ ಇದೆ. ಏನಕ್ಕೆ ಕಾಯ್ತಿದೆ ಅಂದ್ರೆ ಡಿಸಿಡಿ ಅನ್ನೋ ಸಿಗ್ನಲ್ಲಿಗೆ. ಒಂಬತ್ತು ಪಿನ್ನಿನ ಕನೆಕ್ಟರಲ್ಲಿ 1ನೇ ಪಿನ್ ಅದೇ, ಕ್ಯಾರಿಯರ್ ಡಿಟೆಕ್ಟ್ ಅಂತೀವಿ. ಆ ಕಡೆ ಇನ್ನೊಂದು ಮೋಡೆಮ್ ಜೊತೆ ಲೈನ್ ಕೂಡಿಕೊಂಡಿದೆ ಅಂತ ಹೇಳೋಕೆ ನಮ್ಮ ಮೋಡೆಮ್ ಈ ಪಿನ್ ಎತ್ತುತ್ತೆ. ಯುನಿಕ್ಸಿನ ಹಳೇ ಪದ್ಧತಿ ಏನಂದ್ರೆ ಯಾವುದೋ ಪ್ರೋಗ್ರಾಮು ಟಿಟಿವೈ, ಅಂದ್ರೆ ಪೋರ್ಟಿನ ಡಿವೈಸ್ ಫೈಲ್, ಓಪನ್ ಮಾಡಿದ್ರೆ ಕ್ಯಾರಿಯರ್ ಬರೋ ತನಕ ಆ ಓಪನ್ ಕಾಲ್ ವಾಪಸ್ ಬರಲ್ಲ, ಯಾಕಂದ್ರೆ ಆಗ ಪೋರ್ಟಿನ ಮುಖ್ಯ ಕೆಲಸ ಹೊರಗಿಂದ ಡಯಲ್ ಮಾಡಿ ಬರೋರನ್ನ ಲಾಗಿನ್‌ಗೆ ಬಿಡೋದಾಗಿತ್ತು, ಫೋನೇ ಬರದೆ ಲಾಗಿನ್ ಪ್ರಾಂಪ್ಟ್ ತೋರಿಸಿ ಏನು ಪ್ರಯೋಜನ ಹೇಳಿ. ನಿಮಗೆ ಬೇಕಾಗಿರೋದು ಉಲ್ಟಾ, ನೀವು ಮೊದ್ಲು ಮೋಡೆಮ್ ಜೊತೆ ಮಾತಾಡ್ಬೇಕು, ಆಮೇಲೆ ಅದು ಡಯಲ್ ಮಾಡ್ಬೇಕು, ಆಮೇಲೆ ತಾನೇ ಕ್ಯಾರಿಯರ್ ಬರೋದು.

ಇದಕ್ಕೆ ಔಷಧಿ ಪೋರ್ಟಿನ ಸೆಟ್ಟಿಂಗ್ ಬದಲಾಯಿಸೋ ಎಸ್‌ಟಿಟಿವೈ ಕಮಾಂಡಿನ ಸಿಲೋಕಲ್ ಅನ್ನೋ ಆಪ್ಷನ್. ಸಿಲೋಕಲ್ ಹಾಕಿದ್ರೆ ಡ್ರೈವರ್ ಡಿಸಿಡಿ ಕಡೆ ತಲೆ ಹಾಕಲ್ಲ, ಅದರ ಮುಂದೆ ಮೈನಸ್ ಹಾಕಿದ್ರೆ ಮತ್ತೆ ಕಾಯೋಕೆ ಶುರು ಮಾಡುತ್ತೆ. ಲಿನಕ್ಸಲ್ಲಿ ಎಸ್‌ಟಿಟಿವೈಗೆ ದೊಡ್ಡ ಎಫ್ ಆಪ್ಷನ್ ಕೊಟ್ಟು ಡಿವೈಸ್ ಹೆಸರು ಹೇಳಿ, ಬಿಎಸ್‌ಡಿಗಳಲ್ಲಿ ಅದೇ ಆಪ್ಷನ್ ಚಿಕ್ಕ ಎಫ್. ಹಳೇ ಯುನಿಕ್ಸಲ್ಲಿ ಮಾಡೋ ಥರ ಶೆಲ್ ರೀಡೈರೆಕ್ಷನ್ನಲ್ಲಿ ಡಿವೈಸ್ ಕೊಟ್ರೆ ಏನಾಗುತ್ತೆ ಗೊತ್ತಾ, ಎಸ್‌ಟಿಟಿವೈ ಶುರು ಆಗೋಕೆ ಮುಂಚೆ ಶೆಲ್ಲೇ ಆ ಪೋರ್ಟ್ ಓಪನ್ ಮಾಡೋಕೆ ಹೋಗಿ ಅಲ್ಲೇ ಸಿಕ್ಕಾಕೊಳ್ಳುತ್ತೆ, ಔಷಧಿ ಕೊಡೋಕೆ ಹೋದವನೇ ಬಾಗಿಲಲ್ಲಿ ನಿಂತ ಹಾಗೆ. ದೊಡ್ಡ ಎಫ್ ಕೊಟ್ಟಾಗ ಲಿನಕ್ಸಿನ ಎಸ್‌ಟಿಟಿವೈ ಕಾಯದೇ ಓಪನ್ ಮಾಡೋ ರೀತಿ ಬರೆದಿದಾರೆ, ಅದಕ್ಕೆ ಅದು ಸಿಕ್ಕಾಕೊಳ್ಳಲ್ಲ. ನೀವೇ ಸಿ ಪ್ರೋಗ್ರಾಮ್ ಬರೀತಿದ್ರೆ ಓಪನ್‌ಗೆ ಓ ನಾನ್‌ಬ್ಲಾಕ್ ಫ್ಲ್ಯಾಗ್ ಕೊಡಿ, ಸಿಲೋಕಲ್ ಹಾಕಿ, ಆಮೇಲೆ ಎಫ್‌ಸಿಎನ್‌ಟಿಎಲ್ ಕರೆದು ಆ ಫ್ಲ್ಯಾಗ್ ತೆಗೀರಿ.

ಬೇರೆ ಬೇರೆ ಯುನಿಕ್ಸುಗಳು ಈ ಎರಡು ಬಗೆಯ ಓಪನ್‌ಗೆ ಎರಡು ಬೇರೆ ಹೆಸರೇ ಇಟ್ಟಿವೆ, ಇದು ಗೊತ್ತಿದ್ರೆ ಎಷ್ಟೋ ತಲೆನೋವು ಕಮ್ಮಿ. ಎಸ್‌ಸಿಒ ಯುನಿಕ್ಸಲ್ಲಿ ಟಿಟಿವೈ1 ಆದ್ಮೇಲೆ ಚಿಕ್ಕಕ್ಷರದ ಎ ಬಂದ್ರೆ ಮೋಡೆಮ್ ಕಂಟ್ರೋಲ್ (ಕ್ಯಾರಿಯರಿಗೆ ಕಾಯೋದು) ಇಲ್ಲ, ದೊಡ್ಡಕ್ಷರದ ಎ ಬಂದ್ರೆ ಇದೆ. ಪೋರ್ಟ್ ಒಂದೇ, ಅಕ್ಷರದ ಗಾತ್ರ ಮಾತ್ರ ಬೇರೆ, ಅದಕ್ಕೇ ಅಲ್ಲಿ ಟೈಪ್ ಮಾಡೋವಾಗ ಕಣ್ಣಿಟ್ಟು ನೋಡಿ. ಸೋಲಾರಿಸಲ್ಲಿ ಟರ್ಮ್ ಡೈರೆಕ್ಟರಿ ಕೆಳಗಿರೋದು ಒಳಗೆ ಬರೋ ಕಾಲ್‌ಗೆ, ಸಿಯುಎ ಡೈರೆಕ್ಟರಿ ಕೆಳಗಿರೋದು ನಾವು ಡಯಲ್ ಮಾಡೋಕೆ. ಫ್ರೀಬಿಎಸ್‌ಡಿಯಲ್ಲಿ ಈಗಿನ ಹೆಸರು ಟಿಟಿವೈಯು0 ಮತ್ತೆ ಸಿಯುಎಯು0, ಹೊರಗೆ ಡಯಲ್ ಮಾಡೋರು ಎರಡನೇದನ್ನ ಬಳಸ್ಬೇಕು. ಲಿನಕ್ಸಲ್ಲೂ ಹಿಂದೆ ಸಿಯುಎ ಇತ್ತು, 2.2 ಕರ್ನಲ್ ಕಾಲದಲ್ಲಿ ಬಳಸಬೇಡಿ ಅಂತ ಎಚ್ಚರಿಕೆ ಕೊಡೋಕೆ ಶುರು ಮಾಡಿ ಆಮೇಲೆ ತೆಗೆದೇ ಹಾಕಿದ್ರು. ಹಳೇ ಪುಸ್ತಕ ನೋಡ್ಕೊಂಡು ಸಿಯುಎ ಹುಡುಕ್ತಾ ಕೂತ್ಕೋಬೇಡಿ, ಈಗ ಎಲ್ಲಕ್ಕೂ ಟಿಟಿವೈಎಸ್ ಒಂದೇ.

ಇನ್ನೊಂದ್ ಮಾತು, ಸಿಲೋಕಲ್ ಹಾಕಿ ಹಾಗೇ ಮರೆತುಬಿಡಬೇಡಿ. ಕಾಲ್ ಮಧ್ಯದಲ್ಲಿ ಲೈನ್ ಕಟ್ ಆದ್ರೆ ಅದು ಗೊತ್ತಾಗೋದೂ ಡಿಸಿಡಿ ಬಿದ್ದಾಗಲೇ, ಸಿಲೋಕಲ್ ಇದ್ರೆ ನಿಮ್ಮ ಪ್ರೋಗ್ರಾಮಿಗೆ ಹ್ಯಾಂಗಪ್ ಸಿಗ್ನಲ್ ಬರೋದೇ ಇಲ್ಲ, ಸತ್ತ ಲೈನ್ ಹಿಡ್ಕೊಂಡು ಕೂತಿರುತ್ತೆ. ಡಯಲ್‌ಅಪ್ ಇಂಟರ್ನೆಟ್ ಲಿಂಕ್ ನಡೆಸೋ ಪಿಪಿಪಿಡಿಗೆ ಮೋಡೆಮ್ ಅನ್ನೋ ಆಪ್ಷನ್ ಕೊಡೋದು ಇದೇ ಕಾರಣಕ್ಕೆ, ಡಯಲ್ ಮಾಡೋವಾಗ ಕ್ಯಾರಿಯರ್ ನೋಡಲ್ಲ, ಕೂಡಿಕೊಂಡ ಮೇಲೆ ನೋಡುತ್ತೆ. ಮೋಡೆಮ್ ಕಡೆನೂ ಎಟಿ ಆಂಪರ್ಸೆಂಡ್ ಸಿ1 ಮತ್ತೆ ಆಂಪರ್ಸೆಂಡ್ ಡಿ2 ಇರಲೇಬೇಕು. ಸಿ1 ಅಂದ್ರೆ ಡಿಸಿಡಿ ನಿಜ ಹೇಳು ಅಂತ, ಸಿ0 ಇದ್ರೆ ಅದು ಯಾವಾಗ್ಲೂ ಲೈನ್ ಇದೆ ಅಂತಾನೇ ಹೇಳ್ತಿರುತ್ತೆ. ಡಿ2 ಅಂದ್ರೆ ಕಂಪ್ಯೂಟರ್ ಡಿಟಿಆರ್ (ನಾನು ರೆಡಿ ಅಂತ ಹೇಳೋ ಸಿಗ್ನಲ್) ಕೆಳಗಿಳಿಸಿದ್ರೆ ಫೋನ್ ಇಡು ಅಂತ.

ಪ್ರಶ್ನೆ: ಎಂಟು ಪೋರ್ಟಿನ ಪಿಸಿಐ ಸೀರಿಯಲ್ ಕಾರ್ಡ್ ಹಾಕಿದೀವಿ, ಪಿಸಿಐ ಕಾರ್ಡುಗಳ ಪಟ್ಟಿ ಕೊಡೋ ಎಲ್‌ಎಸ್‌ಪಿಸಿಐನಲ್ಲಿ ಕಾರ್ಡ್ ಕಾಣುತ್ತೆ, ಆದ್ರೆ ಲಿನಕ್ಸಲ್ಲಿ ಬೋರ್ಡಿಂದು ಕಾರ್ಡಿಂದು ಎಲ್ಲ ಸೇರಿ ಕೆಲಸ ಮಾಡೋ ಪೋರ್ಟು ನಾಲ್ಕೇ. ಕಾರ್ಡ್ ಡಿಫೆಕ್ಟಾ?

ಉತ್ತರ: ಕಾರ್ಡನ್ನ ವಾಪಸ್ ಕಳಿಸ್ಬೇಡಿ. ಡಿಮೆಸ್‌ಜ್ (ಕರ್ನಲ್ ಬರೆದ ಸಂದೇಶಗಳು) ತೆಗೆದು 8250 ಅನ್ನೋ ಸಾಲು ಹುಡುಕಿ. ಅದರಲ್ಲಿ ಡ್ರೈವರ್ ಹೆಸರಾದ ಮೇಲೆ 4 ಪೋರ್ಟ್ಸ್ ಅಂತ ಇರುತ್ತೆ ನೋಡಿ, ಅದೇ ನಿಮ್ಮ ಗೋಡೆ. ಡ್ರೈವರ್ ಎಷ್ಟು ಪೋರ್ಟಿಗೆ ಜಾಗ ಇಟ್ಕೋಬೇಕು ಅನ್ನೋದು ಕರ್ನಲ್ ಬಿಲ್ಡ್ ಮಾಡೋವಾಗಲೇ ನಿಗದಿ ಆಗಿರುತ್ತೆ, ಮೂಲ ಕರ್ನಲಲ್ಲಿ ಅದು 4, ಕೆಲವು ಡಿಸ್ಟ್ರೋದವರು ಜಾಸ್ತಿ ಮಾಡಿ ಕೊಡ್ತಾರೆ. ಗ್ರಬ್ (ಬೂಟ್‌ಲೋಡರ್) ಫೈಲಲ್ಲಿ ಕರ್ನಲ್ ಕಮಾಂಡ್ ಲೈನಿಗೆ 8250 ಡಾಟ್ ಎನ್‌ಆರ್ ಅಂಡರ್‌ಸ್ಕೋರ್ ಯುಎಆರ್‌ಟಿಎಸ್ ಈಕ್ವಲ್ 12 ಅಂತ ಸೇರಿಸಿ, ಗ್ರಬ್ ಅಪ್ಡೇಟ್ ಮಾಡಿ ರೀಬೂಟ್ ಮಾಡಿ. ಅದಾದ್ಮೇಲೂ ಬರ್ಲಿಲ್ಲ ಅಂದ್ರೆ ಆಗ ಕಾರ್ಡಿನ ಚಿಪ್ ಆ ಡ್ರೈವರಿನ ಪಟ್ಟಿಯಲ್ಲಿ ಇದೆಯಾ ಅಂತ ನೋಡ್ಬೇಕು, ಕೆಲವು ಕಾರ್ಡಿಗೆ ತಯಾರಕರದೇ ಬೇರೆ ಡ್ರೈವರ್ ಬೇಕಾಗುತ್ತೆ, ಒಳಗೆ ತನ್ನದೇ ಪ್ರೊಸೆಸರ್ ಇರೋ ಇಂಟೆಲಿಜೆಂಟ್ ಕಾರ್ಡುಗಳಂತೂ ಫರ್ಮ್‌ವೇರ್ ಲೋಡ್ ಆಗದೆ ಏಳೋದೇ ಇಲ್ಲ.

ಪಿಸಿಐ ಕಾರ್ಡಿಗೆ ಸೆಟ್‌ಸೀರಿಯಲ್ ಕಮಾಂಡ್ ಹಾಕಿ ಐಆರ್‌ಕ್ಯೂ (ಸಿಪಿಯು ಗಮನ ಸೆಳೆಯೋ ಇಂಟರಪ್ಟ್ ಲೈನು), ಅಡ್ರೆಸ್ ಕೈಯಲ್ಲಿ ಕೊಡೋಕೆ ಹೋಗ್ಬೇಡಿ, ಕರ್ನಲ್ ತಾನೇ ನೋಡ್ಕೊಳ್ಳುತ್ತೆ. ಕೈಯಲ್ಲಿ ಕೊಡೋ ಕಾಲ ಹಳೇ ಐಎಸ್‌ಎ ಕಾರ್ಡಿಂದು. ಅಲ್ಲಿ ಮೊದಲನೇ ಪೋರ್ಟು 3ಎಫ್8 ಅಡ್ರೆಸ್ಸು ಐಆರ್‌ಕ್ಯೂ 4, ಎರಡನೇದು 2ಎಫ್8 ಐಆರ್‌ಕ್ಯೂ 3, ಮೂರು ನಾಲ್ಕನೇ ಪೋರ್ಟು 3ಇ8 ಮತ್ತೆ 2ಇ8 ಅಡ್ರೆಸ್ಸಲ್ಲಿ ಇದ್ರೂ ಐಆರ್‌ಕ್ಯೂ ಮಾತ್ರ ಮತ್ತೆ ಅದೇ 4, ಅದೇ 3. ಆ ಬಸ್ಸಲ್ಲಿ ಇಬ್ರು ಒಂದೇ ಐಆರ್‌ಕ್ಯೂ ಹಂಚ್ಕೊಂಡ್ರೆ ಜಗಳ ಖಚಿತ, ಮೊದಲನೇ ಪೋರ್ಟಲ್ಲಿ ಮೌಸು ಮೂರನೇದರಲ್ಲಿ ಮೋಡೆಮ್ ಇದ್ದೋರು ಮೌಸ್ ಅಲ್ಲಾಡಿಸಿದ್ರೆ ಲೈನ್ ಹೋಗುತ್ತೆ ಅಂತ ಹೇಳ್ತಿದ್ದಿದ್ದು ಇದಕ್ಕೇ.

ಪ್ರಶ್ನೆ: 38400 ಸ್ಪೀಡ್ ಕೊಟ್ಟಾಗ ಮಾತ್ರ ಪರದೆ ತುಂಬಾ ಕಸ ಬರುತ್ತೆ. 9600, 19200 ಎಲ್ಲ ಸರಿ ಇದೆ. ಯಾಕಿರ್ಬೋದು?

ಉತ್ತರ: ಒಳ್ಳೇ ಪ್ರಶ್ನೆ, ಯಾಕಂದ್ರೆ ಒಂದೇ ಸ್ಪೀಡಲ್ಲಿ ತಪ್ಪು ಅಂದ್ರೆ ಕೇಬಲ್ ಅನುಮಾನ ಆಗ್ಲೇ ಹೋಯ್ತು. ಸೆಟ್‌ಸೀರಿಯಲ್‌ಗೆ ಚಿಕ್ಕಕ್ಷರದ ಎ ಆಪ್ಷನ್ ಕೊಟ್ಟು ಆ ಪೋರ್ಟಿನ ಫ್ಲ್ಯಾಗ್ಸ್ ಸಾಲು ನೋಡಿ, ಎಸ್‌ಪಿಡಿ ವಿಎಚ್‌ಐ ಅಂತ ಕೂತಿರುತ್ತೆ ಅಂತ ನನ್ನ ಅಂದಾಜು. ಹಳೇ ಪ್ರೋಗ್ರಾಮುಗಳಿಗೆ 38400ಕ್ಕಿಂತ ಜಾಸ್ತಿ ಕೇಳೋಕೇ ಬರ್ತಿರ್ಲಿಲ್ಲ, ಅದಕ್ಕೆ ಲಿನಕ್ಸಲ್ಲಿ ಒಂದು ಉಪಾಯ ಮಾಡಿದ್ರು, ಈ ಫ್ಲ್ಯಾಗ್ ಇದ್ರೆ ಪ್ರೋಗ್ರಾಮ್ 38400 ಕೇಳಿದಾಗ ಡ್ರೈವರ್ 115200 ಕೊಡುತ್ತೆ, ಎಸ್‌ಪಿಡಿ ಎಚ್‌ಐ ಇದ್ರೆ 57600. ಯಾರೋ ಯಾವಾಗ್ಲೋ ಬೂಟ್ ಸ್ಕ್ರಿಪ್ಟಲ್ಲಿ ಬರೆದಿಟ್ಟಿದ್ದು ಹಾಗೇ ಉಳಿದಿರುತ್ತೆ. ಎಸ್‌ಪಿಡಿ ನಾರ್ಮಲ್ ಕೊಟ್ಟು ಆ ಸ್ಕ್ರಿಪ್ಟ್ ಸಾಲನ್ನೂ ತೆಗೆದುಬಿಡಿ, ಈಗ 115200 ನೇರವಾಗೇ ಕೇಳ್ಬೋದು.

ಎಲ್ಲಾ ಸ್ಪೀಡಲ್ಲೂ ಕಸ ಅಂತ ಇನ್ನೊಬ್ರು ಬರೆದಿದಾರೆ, ಅವರು ಬೋರ್ಡಿನ 3.3 ವೋಲ್ಟ್ ಪಿನ್ನಿಗೆ ನೇರ ಆರ್‌ಎಸ್232 ಕೇಬಲ್ ಕೊಟ್ಟಿದಾರೆ. ದಯವಿಟ್ಟು ಈಗಲೇ ಕಿತ್ತುಬಿಡಿ. ಆರ್‌ಎಸ್232ನಲ್ಲಿ ಒಂದು ಅನ್ನೋದಕ್ಕೆ ಮೈನಸ್ 3ರಿಂದ ಮೈನಸ್ 15 ವೋಲ್ಟ್, ಸೊನ್ನೆ ಅನ್ನೋದಕ್ಕೆ ಪ್ಲಸ್ 3ರಿಂದ ಪ್ಲಸ್ 15, ಅಂದ್ರೆ ಬೋರ್ಡಿಗೆ ಹೋಲಿಸಿದ್ರೆ ಉಲ್ಟಾ, ಮೇಲಾಗಿ ಬೋರ್ಡಿನ ಚಿಪ್ ಸುಟ್ಟು ಹೋಗುವಷ್ಟು ಜಾಸ್ತಿ. ಮಧ್ಯೆ ಲೆವೆಲ್ ಕನ್ವರ್ಟರ್ ಬೇಕೇ ಬೇಕು.

ಪ್ರಶ್ನೆ: ದೊಡ್ಡ ಫೈಲ್ ಕಳಿಸೋವಾಗ ಅಲ್ಲಲ್ಲಿ ಕೆಲವು ಬೈಟ್ ಮಾಯ ಆಗುತ್ತೆ, ಸಣ್ಣ ಫೈಲ್ ಸರಿ ಹೋಗುತ್ತೆ. 115200, ಎಂಟು ಬಿಟ್, ಪ್ಯಾರಿಟಿ ಇಲ್ಲ. ಎರಡು ಕಡೆ ಸೆಟ್ಟಿಂಗ್ ಒಂದೇ ಇದೆ ಸರ್, ಹತ್ತು ಸಲ ನೋಡಿದೀನಿ.

ಉತ್ತರ: ನಿಮ್ಮ ಸಂಕಟ ಅರ್ಥ ಆಗುತ್ತೆ, ನಾನೂ ಒಂದ್ಸಲ ಇದೇ ತೊಂದ್ರೆಯಲ್ಲಿ ಒಂದಿಡೀ ದಿನ ಕಳೆದಿದೀನಿ. ಈಗ ನಾನು ಮಾಡೋ ಮೊದಲ ಕೆಲಸ ಹೇಳ್ತೀನಿ. ರೂಟ್ ಆಗಿ ಪ್ರಾಕ್ ಕೆಳಗೆ ಟಿಟಿವೈ, ಅದರ ಕೆಳಗೆ ಡ್ರೈವರ್, ಅದರಲ್ಲಿ ಸೀರಿಯಲ್ ಅನ್ನೋ ಫೈಲ್ ಕ್ಯಾಟ್ ಮಾಡಿ. ಪೋರ್ಟಿಗೆ ಒಂದು ಸಾಲು ಬರುತ್ತೆ, ಯಾವ ಯುಎಆರ್‌ಟಿ (ಸೀರಿಯಲ್ ಪೋರ್ಟ್ ನಡೆಸೋ) ಚಿಪ್, ಟಿಎಕ್ಸ್ (ಕಳಿಸಿದ್ದು) ಎಷ್ಟು ಬೈಟು, ಆರ್‌ಎಕ್ಸ್ (ಬಂದಿದ್ದು) ಎಷ್ಟು, ಕೊನೇಲಿ ಆರ್‌ಟಿಎಸ್, ಸಿಟಿಎಸ್, ಡಿಟಿಆರ್, ಡಿಎಸ್‌ಆರ್, ಸಿಡಿ ಇದರಲ್ಲಿ ಈಗ ಯಾವುದು ಮೇಲಿದೆಯೋ ಅದು. ಮಧ್ಯದಲ್ಲಿ ಎಫ್‌ಇ ಅಂತ ಬಂದ್ರೆ ಫ್ರೇಮಿಂಗ್ ಎರರ್, ಸ್ಪೀಡ್ ಅಥವಾ ಕೇಬಲ್ ನೋಡಿ. ಓಇ ಅಂತ ಬಂದ್ರೆ ಓವರ್‌ರನ್, ಬೈಟ್ ಬಂದಿದೆ ಆದ್ರೆ ಎತ್ಕೊಳ್ಳೋರು ತಡ ಮಾಡಿದಾರೆ. ಸೊನ್ನೆ ಇದ್ರೆ ಇವೆರಡೂ ಕಾಣಿಸೋದೇ ಇಲ್ಲ. ಫೈಲ್ ಕಳಿಸೋ ಮುಂಚೆ ಒಂದ್ಸಲ, ಆದ್ಮೇಲೆ ಒಂದ್ಸಲ ನೋಡಿ, ಓಇ ಏರಿದ್ರೆ ಕಳ್ಳ ಸಿಕ್ಕಿದ ಹಾಗೆ.

ಲೆಕ್ಕ ಹಾಕಿ ನೋಡೋಣ. 115200ರಲ್ಲಿ ಒಂದು ಬೈಟಿಗೆ ಸ್ಟಾರ್ಟ್ ಸ್ಟಾಪ್ ಸೇರಿ 10 ಬಿಟ್, ಅಂದ್ರೆ ಸೆಕೆಂಡಿಗೆ 11520 ಬೈಟ್, ಒಂದು ಬೈಟಿಗೆ ಸುಮಾರು 87 ಮೈಕ್ರೋಸೆಕೆಂಡು. 8250 ಅಥವಾ 16450 ಚಿಪ್ಪಲ್ಲಿ ಒಂದೇ ಬೈಟಿಗೆ ಜಾಗ, ಆ 87 ಮೈಕ್ರೋಸೆಕೆಂಡಲ್ಲಿ ಸಿಪಿಯು ಬಂದು ಎತ್ಕೊಳ್ಳಿಲ್ಲ ಅಂದ್ರೆ ಮುಂದಿನ ಬೈಟು ಇದರ ಮೇಲೇ ಬೀಳುತ್ತೆ. 16550ಎ ಚಿಪ್ಪಲ್ಲಿ 16 ಬೈಟಿನ ಫೈಫೋ, ಅಂದ್ರೆ ಬೈಟುಗಳು ಸಾಲಲ್ಲಿ ಕಾಯೋ ಜಾಗ, ಇದೆ, ಅದೇ ಕೆಲಸಕ್ಕೆ 1.4 ಮಿಲಿಸೆಕೆಂಡ್ ಹತ್ರ ಸಮಯ ಸಿಗುತ್ತೆ. ಆ ಸಾಲಲ್ಲಿ ನಿಮ್ಮ ಚಿಪ್ 16450 ಅಂತ ಇದ್ರೆ ಆಸೆ ಬಿಟ್ಟು ಸ್ಪೀಡ್ ಇಳಿಸಿ. 16550ಎ ಇದ್ದೂ ಓಇ ಏರ್ತಿದ್ರೆ ಫ್ಲೋ ಕಂಟ್ರೋಲ್ (ಸ್ವಲ್ಪ ತಡಿ ಅಂತ ಆ ಕಡೆಗೆ ಹೇಳೋದು) ಕೆಲಸ ಮಾಡ್ತಿಲ್ಲ.

ಎಸ್‌ಟಿಟಿವೈಯಲ್ಲಿ ಸಿಆರ್‌ಟಿಎಸ್‌ಸಿಟಿಎಸ್ (ಆರ್‌ಟಿಎಸ್, ಸಿಟಿಎಸ್ ಪಿನ್ನುಗಳ ಮೂಲಕ ತಡಿ, ಕಳಿಸು ಅಂತ ಹೇಳೋ ಹಾರ್ಡ್‌ವೇರ್ ದಾರಿ) ಹಾಕಿ, ಆ ಕಡೆ ಮೋಡೆಮಲ್ಲೂ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಆನ್ ಇರ್ಬೇಕು, ಬರೀ ಒಂದು ಕಡೆ ಆನ್ ಮಾಡೋದು ಒಂದು ಕೈಯಲ್ಲಿ ಚಪ್ಪಾಳೆ ಹೊಡೆದ ಹಾಗೆ. ಮೋಡೆಮಲ್ಲಿ ಕಂಪ್ರೆಷನ್ ಇದ್ರಂತೂ ಇದು ಬೇಕೇ ಬೇಕು, ಲೈನ್ ಸ್ಪೀಡ್ ಒಂದು, ಕಂಪ್ಯೂಟರಿಗೂ ಮೋಡೆಮಿಗೂ ಮಧ್ಯದ ಸ್ಪೀಡ್ ಇನ್ನೊಂದು, ಮಧ್ಯೆ ಸ್ವಲ್ಪ ತಡಿ ಅಂತ ಹೇಳೋಕೆ ಒಂದು ದಾರಿ ಇರ್ಬೇಕಲ್ವಾ. ಎಕ್ಸಾನ್ ಎಕ್ಸಾಫ್ ಅನ್ನೋ ಸಾಫ್ಟ್‌ವೇರ್ ದಾರಿ ಬೈನರಿ ಫೈಲಿಗೆ ಬೇಡ, ಅದು 17 ಮತ್ತೆ 19 ಅನ್ನೋ ಬೆಲೆಯ ಬೈಟುಗಳನ್ನೇ ಸಿಗ್ನಲ್ ಮಾಡ್ಕೊಂಡಿದೆ, ನಿಮ್ಮ ಫೈಲಲ್ಲಿ ಆ ಬೈಟ್ ಬಂದ್ರೆ ಡ್ರೈವರ್ ಅದನ್ನ ನುಂಗಿ ಹಾಕುತ್ತೆ. ಐಕ್ಸಾನ್ ಐಕ್ಸಾಫ್ ಎರಡಕ್ಕೂ ಮೈನಸ್ ಹಾಕಿಬಿಡಿ.

ನನ್ನ ಕೇಸಲ್ಲಿ ಇಷ್ಟೆಲ್ಲಾ ಸರಿ ಇತ್ತು, ಆದ್ರೂ ಓಇ ಏರ್ತಾನೇ ಇತ್ತು. ಸಂಜೆ ಹೊತ್ತಿಗೆ ಕೇಬಲಿನ ಹುಡ್ ಬಿಚ್ಚಿದೆ. ಒಳಗೆ 2, 3, 5ನೇ ಪಿನ್ನಿಗೆ ಮಾತ್ರ ಬಣ್ಣದ ವೈರು. 7 ಮತ್ತೆ 8 ಎರಡನ್ನೂ ಸೇರಿಸಿ ಅಲ್ಲೇ ಒಂದು ಚೂರು ವೈರ್ ಬೆಸುಗೆ ಹಾಕಿದ್ರು, 1, 4, 6 ಸೇರಿಸಿ ಇನ್ನೊಂದು. ನಮ್ಮ ಆರ್‌ಟಿಎಸ್ ನಮ್ಮ ಸಿಟಿಎಸ್‌ಗೇ ವಾಪಸ್ ಬರ್ತಿತ್ತು, ಡ್ರೈವರಿಗೆ ಯಾವಾಗ್ಲೂ ದಾರಿ ಖಾಲಿ ಇದೆ ಅಂತಾನೇ ಕಾಣ್ತಿತ್ತು, ಆ ಕಡೆಯವರ ಮಾತು ಇಲ್ಲಿ ತನಕ ಬರ್ತಾನೇ ಇರ್ಲಿಲ್ಲ. ಹೊರಗಿಂದ ನೋಡಿದ್ರೆ ಒಂಬತ್ತು ಪಿನ್ನಿನ ಚೆಂದದ ಕೇಬಲ್. ಮಲ್ಟಿಮೀಟರ್ ಇದ್ರೆ ಒಂದೊಂದೇ ಪಿನ್ ಕಂಟಿನ್ಯುಯಿಟಿ ನೋಡ್ಕೊಳ್ಳಿ, ಐದು ನಿಮಿಷದ ಕೆಲಸ.

ಪ್ರಶ್ನೆ: ಎರಡು ಯುಎಸ್‌ಬಿ ಸೀರಿಯಲ್ ಕನ್ವರ್ಟರ್ ಇವೆ. ಪ್ರತಿ ರೀಬೂಟಿಗೂ ಟಿಟಿವೈಯುಎಸ್‌ಬಿ0 ಮತ್ತೆ 1 ಅದಲು ಬದಲು ಆಗುತ್ತೆ. ಜೊತೆಗೆ ರೂಟ್ ಅಲ್ದೆ ಓಪನ್ ಆಗಲ್ಲ, ಪರ್ಮಿಷನ್ ಡಿನೈಡ್.

ಉತ್ತರ: ಪರ್ಮಿಷನ್ ವಿಷಯ ಸುಲಭ, ಡೆಬಿಯನ್ ಬಳಗದಲ್ಲಿ ನಿಮ್ಮ ಯೂಸರನ್ನ ಡಯಲ್‌ಔಟ್ ಗ್ರೂಪಿಗೆ ಸೇರಿಸಿ, ಆರ್ಚಲ್ಲಿ ಯುಯುಸಿಪಿ ಗ್ರೂಪು. ಲಾಗೌಟ್ ಆಗಿ ಮತ್ತೆ ಲಾಗಿನ್ ಆಗೋ ತನಕ ಅದು ಲೆಕ್ಕಕ್ಕೆ ಬರಲ್ಲ. 666 ಪರ್ಮಿಷನ್ (ಎಲ್ಲರಿಗೂ ಓದೋ ಬರೆಯೋ ಹಕ್ಕು) ಕೊಡೋದು ಬೇಡ, ಪ್ಲಗ್ ತೆಗೆದು ಹಾಕಿದ್ರೆ ಹೇಗೂ ಹೋಗುತ್ತೆ.

ನಂಬರ್ ಅನ್ನೋದು ಯಾರು ಮೊದ್ಲು ಬಂದ್ರೋ ಅವರಿಗೆ, ಅದನ್ನ ನಂಬಿ ಸ್ಕ್ರಿಪ್ಟ್ ಬರೀಬೇಡಿ. ಡೆವ್ ಕೆಳಗೆ ಸೀರಿಯಲ್ ಅಂತ ಡೈರೆಕ್ಟರಿ ಇದೆ, ಅದರೊಳಗೆ ಬೈ ಐಡಿ ಅನ್ನೋದರಲ್ಲಿ ಪ್ರತಿ ಕನ್ವರ್ಟರಿಗೂ ತಯಾರಕರ ಹೆಸರು, ಸೀರಿಯಲ್ ನಂಬರ್ ಸೇರಿದ ಉದ್ದದ ಹೆಸರು ಆಗ್ಲೇ ರೆಡಿ ಇರುತ್ತೆ, ಅದನ್ನೇ ಬಳಸಿ. ಚಿಕ್ಕ ಹೆಸರು ಬೇಕು ಅಂದ್ರೆ ಯುಡೆವ್ (ಡಿವೈಸ್ ಹೆಸರು ನೋಡ್ಕೊಳ್ಳೋ ವ್ಯವಸ್ಥೆ) ರೂಲ್ ಬರೀಬೇಕು: ಸಬ್‌ಸಿಸ್ಟಮ್ ಟಿಟಿವೈ, ವೆಂಡರ್ ಐಡಿ, ಪ್ರಾಡಕ್ಟ್ ಐಡಿ, ಸೀರಿಯಲ್ ನಂಬರ್ ಇಷ್ಟನ್ನ ಹೋಲಿಸಿ ಕೊನೆಗೆ ಸಿಮ್‌ಲಿಂಕ್ (ಅದೇ ಡಿವೈಸಿಗೆ ಇನ್ನೊಂದು ಹೆಸರು) ಕೊಡೋದು. ಎಫ್‌ಟಿಡಿಐ ಚಿಪ್ಪಿಗೆ ವೆಂಡರ್ 0403, ಪ್ರಾಲಿಫಿಕ್‌ಗೆ 067ಬಿ, ಸಿಎಚ್340ಕ್ಕೆ 1ಎ86. ಹೋಲಿಸೋ ಕಡೆ ಎರಡು ಈಕ್ವಲ್ ಚಿಹ್ನೆ, ಸಿಮ್‌ಲಿಂಕ್ ಹತ್ರ ಪ್ಲಸ್ ಈಕ್ವಲ್. ಹೋಲಿಸೋ ಕಡೆ ಒಂದೇ ಈಕ್ವಲ್ ಹಾಕಿ ರೂಲ್ ಕೆಲಸ ಮಾಡ್ತಿಲ್ಲ ಅಂತ ಬರೆದೋರು ಈ ಸಲನೂ ಇದಾರೆ. ಅಗ್ಗದ ಕನ್ವರ್ಟರುಗಳಲ್ಲಿ ಕೆಲವಕ್ಕೆ ಸೀರಿಯಲ್ ನಂಬರೇ ಇರಲ್ಲ, ಎರಡೂ ಒಂದೇ ಥರ ಕಾಣುತ್ತೆ, ಆಗ ಬೈ ಪಾತ್ ಬಳಸಿ ಯಾವ ಯುಎಸ್‌ಬಿ ತೂತಿಗೆ ಹಾಕಿದೀವಿ ಅನ್ನೋದರ ಮೇಲೆ ಹೆಸರಿಡ್ಬೇಕು, ತೂತು ಬದಲಾಯಿಸೋ ಹಾಗಿಲ್ಲ.

ಉಬುಂಟು 22.04 ಹಾಕಿ ಸಿಎಚ್340 ಕನ್ವರ್ಟರ್ ಬಂದ ಕೂಡ್ಲೇ ಮಾಯ ಆಗುತ್ತೆ ಅಂದೋರಿಗೆ: ಬಿಆರ್‌ಎಲ್‌ಟಿಟಿವೈ ಅನ್ನೋ ಬ್ರೈಲ್ ಪ್ರೋಗ್ರಾಮು ಅದನ್ನ ಬ್ರೈಲ್ ಸಾಧನ ಅಂದ್ಕೊಂಡು ಹಿಡ್ಕೊಳ್ಳುತ್ತೆ. ಆ ಮಷೀನಲ್ಲಿ ಬ್ರೈಲ್ ಬಳಸೋರು ಯಾರೂ ಇಲ್ಲ ಅಂದ್ರೆ ಆ ಪ್ಯಾಕೇಜ್ ತೆಗೀರಿ, ಇದ್ರೆ ಅದರ ಯುಡೆವ್ ರೂಲಲ್ಲಿ ಆ ಒಂದು ಐಡಿ ಸಾಲು ಮಾತ್ರ ಮುಚ್ಚಿ.

ಪ್ರಶ್ನೆ: ಸಿಮ್ ಹಾಕೋ ಯುಎಸ್‌ಬಿ ಮೋಡೆಮ್ ಚುಚ್ಚಿದ್ರೆ ಸಿಡಿ ಡ್ರೈವ್ ಅಂತ ತೋರಿಸುತ್ತೆ, ಟಿಟಿವೈ ಬರೋದೇ ಇಲ್ಲ.

ಉತ್ತರ: ಅದರೊಳಗೇ ಬೇರೆ ಆಪರೇಟಿಂಗ್ ಸಿಸ್ಟಮ್ಮಿಗೆ ಬೇಕಾದ ಡ್ರೈವರ್ ಇಟ್ಟಿರ್ತಾರೆ, ಮೊದ್ಲು ಡಿಸ್ಕ್ ವೇಷದಲ್ಲಿ ಬರುತ್ತೆ. ಯುಎಸ್‌ಬಿ ಮೋಡ್‌ಸ್ವಿಚ್ ಪ್ಯಾಕೇಜ್ ಹಾಕಿ, ಅದು ಒಂದು ಸಂದೇಶ ಕಳಿಸಿ ಮೋಡೆಮ್ ವೇಷಕ್ಕೆ ಬದಲಾಯಿಸುತ್ತೆ. ಎಲ್‌ಎಸ್‌ಯುಎಸ್‌ಬಿ ಮುಂಚೆ ಒಂದ್ಸಲ, ಆಮೇಲೆ ಒಂದ್ಸಲ ನೋಡಿದ್ರೆ ಪ್ರಾಡಕ್ಟ್ ಐಡಿನೇ ಬೇರೆ ಆಗಿರುತ್ತೆ. ಆಮೇಲೆ ಆಪ್ಷನ್ ಅನ್ನೋ ಹೆಸರಿನ ಡ್ರೈವರ್ ಎರಡು ಮೂರು ಟಿಟಿವೈ ಕೊಡುತ್ತೆ, ಎಲ್ಲವೂ ಎಟಿ ಕಮಾಂಡಿಗೆ ಉತ್ತರ ಕೊಡಲ್ಲ, ಒಂದೊಂದಕ್ಕೇ ಎಟಿ ಕಳಿಸಿ ಓಕೆ ಯಾವುದರಲ್ಲಿ ಬರುತ್ತೆ ನೋಡಿ. ಆ ಹೊತ್ತಲ್ಲಿ ಮೋಡೆಮ್‌ಮ್ಯಾನೇಜರ್ ಅನ್ನೋ ಹಿನ್ನೆಲೆ ಪ್ರೋಗ್ರಾಮು ಕೂಡ ಅದನ್ನೇ ಮಾಡ್ತಿರುತ್ತೆ, ಕೈಯಲ್ಲಿ ಪರೀಕ್ಷೆ ಮಾಡೋವಾಗ ಅದನ್ನ ನಿಲ್ಲಿಸಿ ಕೂತ್ಕೊಳ್ಳಿ.

ಪ್ರಶ್ನೆ: ಇಂಟರ್ನಲ್ ಪಿಸಿಐ ಮೋಡೆಮ್ ಒಂದಿದೆ, ಎಲ್‌ಎಸ್‌ಪಿಸಿಐನಲ್ಲಿ ಕಾಣುತ್ತೆ, ಟಿಟಿವೈ ಇಲ್ಲ. ಯಾವ ಸೆಟ್ಟಿಂಗ್ ಮಾಡ್ಲಿ?

ಉತ್ತರ: ಡ್ರೈವರ್ ಇಲ್ಲದ ಕೇಸು ಅಂತ ಮೊದ್ಲೇ ಹೇಳಿದ್ನಲ್ಲ, ಇದೇ ಅದು. ಬಹುಶಃ ಅದು ಸಾಫ್ಟ್‌ಮೋಡೆಮ್, ಸಿಗ್ನಲ್ ಕೆಲಸ ಎಲ್ಲ ಸಿಪಿಯು ಮೇಲೆ ಹಾಕುತ್ತೆ, ತಯಾರಕರ ಡ್ರೈವರ್ ಇಲ್ದೆ ಅದರಲ್ಲಿ ಸೀರಿಯಲ್ ಪೋರ್ಟ್ ಅನ್ನೋದೇ ಇರಲ್ಲ. ಸೆಟ್‌ಸೀರಿಯಲ್ ಎಷ್ಟು ಹಾಕಿದ್ರೂ ಬರಲ್ಲ. ಸಮಯ ಕಳೀಬೇಡಿ, ಎಕ್ಸ್‌ಟರ್ನಲ್ ಸೀರಿಯಲ್ ಮೋಡೆಮ್ ತಗೊಳ್ಳಿ.

ಪ್ರಶ್ನೆ: ಡಯಲ್ ಇನ್‌ಗೆ ಅಂತ ಇನಿಟ್‌ಟ್ಯಾಬಲ್ಲಿ (ಯಾವ ಪ್ರೋಗ್ರಾಮ್ ಶುರು ಮಾಡ್ಬೇಕು ಅಂತ ಇನಿಟ್‌ಗೆ ಹೇಳೋ ಫೈಲು) ಗೆಟ್ಟಿ (ಲಾಗಿನ್ ಕೇಳೋ ಪ್ರೋಗ್ರಾಮು) ಸಾಲು ಹಾಕಿದೀನಿ. ಮೋಡೆಮ್ ಲೈಟು ಸುಮ್ಸುಮ್ನೆ ಮಿನುಗ್ತಾ ಇರುತ್ತೆ, ಸ್ವಲ್ಪ ಹೊತ್ತಿಗೆ ರೀಸ್ಪಾನಿಂಗ್ ಟೂ ಫಾಸ್ಟ್, 5 ನಿಮಿಷ ಡಿಸೇಬಲ್ ಅಂತ ಕನ್ಸೋಲಲ್ಲಿ ಬರುತ್ತೆ.

ಉತ್ತರ: ಗೆಟ್ಟಿನೂ ಮೋಡೆಮ್ಮೂ ಒಂದಕ್ಕೊಂದು ಮಾತಾಡ್ಕೊಳ್ತಿವೆ. ಗೆಟ್ಟಿ ಲಾಗಿನ್ ಅಂತ ಕಳಿಸುತ್ತೆ, ಮೋಡೆಮಿನ ಎಕೋ ಆನ್ ಇರೋದ್ರಿಂದ ಅದೇ ಲಾಗಿನ್ ಅನ್ನೋ ಪದ ವಾಪಸ್ ಬರುತ್ತೆ, ಗೆಟ್ಟಿ ಯಾರೋ ಹೆಸರು ಟೈಪ್ ಮಾಡಿದ್ರು ಅಂದ್ಕೊಂಡು ಪಾಸ್‌ವರ್ಡ್ ಕೇಳುತ್ತೆ, ಅದೂ ವಾಪಸ್. ಲಾಗಿನ್ ಫೇಲ್, ಗೆಟ್ಟಿ ಸಾಯುತ್ತೆ, ಇನಿಟ್ ಮತ್ತೆ ಹುಟ್ಟಿಸುತ್ತೆ. ಮೋಡೆಮಿಗೆ ಎಟಿ ಇ0 ಕೊಟ್ಟು ಎಕೋ ನಿಲ್ಲಿಸಿ, ಕ್ಯೂ1 ಕೊಟ್ಟು ಓಕೆ, ರಿಂಗ್ ಅನ್ನೋ ಉತ್ತರ ನಿಲ್ಲಿಸಿ, ಎಸ್0 ಈಕ್ವಲ್ 1 ಕೊಟ್ಟು ಒಂದು ರಿಂಗಿಗೆ ತಾನೇ ಎತ್ತೋ ಹಾಗೆ ಮಾಡಿ, ಆಂಪರ್ಸೆಂಡ್ ಡಬ್ಲ್ಯೂ ಕೊಟ್ಟು ಉಳಿಸಿ. ಸಿಲೋಕಲ್ ಇಲ್ಲಿ ಇರಬಾರದು, ಮೋಡೆಮಲ್ಲಿ ಆಂಪರ್ಸೆಂಡ್ ಸಿ1 ಇರ್ಬೇಕು, ಆಗ ಕಾಲ್ ಬರೋ ತನಕ ಗೆಟ್ಟಿ ಸುಮ್ನೆ ಕಾಯುತ್ತೆ. ಹೀಗೆ ಉಳಿಸಿದ್ಮೇಲೆ ಅದೇ ಮೋಡೆಮನ್ನ ಮಿನಿಕಾಮ್ ಅನ್ನೋ ಟರ್ಮಿನಲ್ ಪ್ರೋಗ್ರಾಮಲ್ಲಿ ತೆಗೆದ್ರೆ ಎಟಿ ಹೊಡೆದ್ರೂ ಏನೂ ಕಾಣಲ್ಲ, ಮೋಡೆಮ್ ಸತ್ತೋಯ್ತು ಅಂದ್ಕೋಬೇಡಿ, ನೀವೇ ಬಾಯಿ ಮುಚ್ಚಿಸಿರೋದು, ಎಟಿ ಇ1ಕ್ಯೂ0 ಕುರುಡಾಗಿ ಟೈಪ್ ಮಾಡಿ ಎಂಟರ್ ಒತ್ತಿ.

ಒಂದೇ ಮೋಡೆಮಲ್ಲಿ ಒಳಗೂ ಹೊರಗೂ ಎರಡೂ ಬೇಕು ಅಂದ್ರೆ ಸಾದಾ ಗೆಟ್ಟಿ ಬಿಟ್ಟು ಎಮ್‌ಗೆಟ್ಟಿ ಹಾಕಿ, ಅದು ರಿಂಗ್ ಬಂದಾಗ ತಾನೇ ಎಟಿಎ ಕೊಟ್ಟು ಎತ್ತುತ್ತೆ, ಹಾಗಾಗಿ ಎಸ್0 ಸೊನ್ನೆಗೆ ಇಡಿ, ಕ್ಯೂ0 ಇರಲಿ. ಪಿಪಿಪಿಡಿ, ಮಿನಿಕಾಮ್, ಎಮ್‌ಗೆಟ್ಟಿ ಮೂರಕ್ಕೂ ಒಂದೇ ಡಿವೈಸ್ ಹೆಸರು ಕೊಡಿ, ಒಂದಕ್ಕೆ ಸಿಮ್‌ಲಿಂಕ್ ಹೆಸರು ಇನ್ನೊಂದಕ್ಕೆ ಅಸಲಿ ಹೆಸರು ಕೊಟ್ರೆ ಲಾಕ್ ಫೈಲ್ (ಪೋರ್ಟ್ ಬಳಕೆಯಲ್ಲಿದೆ ಅಂತ ಹೇಳೋ ಗುರುತು) ಬೇರೆ ಬೇರೆ ಆಗಿ ಇಬ್ರೂ ಒಟ್ಟಿಗೆ ಒಂದೇ ಪೋರ್ಟಿಗೆ ನುಗ್ತಾರೆ. ವಾರ್ ಲಾಕ್ ಡೈರೆಕ್ಟರಿಯಲ್ಲಿ ಎಲ್‌ಸಿಕೆ ಅಂತ ಶುರುವಾಗೋ ಫೈಲ್ ನೋಡಿ, ಒಳಗೆ ಪ್ರಾಸೆಸ್ ನಂಬರ್ ಇರುತ್ತೆ, ಆ ಪ್ರಾಸೆಸ್ ಈಗ ಇಲ್ಲ ಅಂತ ಪಿಎಸ್ ಕಮಾಂಡಲ್ಲಿ ಖಾತ್ರಿ ಮಾಡ್ಕೊಂಡೇ ಅಳಿಸಿ.